ಇಂಟರ್‌ಫೇಸ್ ಎಲ್ಲಿ ಬೇಕು, ಎಲ್ಲಿ ಬೇಡ: ಕನ್ನಡ ಫಾಂಟು ಮತ್ತು ಯುನಿಕೋಡ್ ನೆಪದಲ್ಲಿ

ನನಗಿಂತ ಮೊದಲು ಮಾತಾಡಿದವರು ಪ್ರತಿ ಕ್ಲಾಸಿಗೂ ಒಂದು ಇಂಟರ್‌ಫೇಸ್ ಇರಲೇಬೇಕು ಅಂದರು. ಅದನ್ನ ನಾನು ಒಪ್ಪಲ್ಲ. ಅದಕ್ಕೆ ಆಧಾರವಾಗಿ ಹೆಸರಿಸಿದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕ ಬಂದದ್ದು 1994ರಲ್ಲಿ. ಅದರ ಉದಾಹರಣೆಗಳು ಸಿ++ ಮತ್ತು ಸ್ಮಾಲ್‌ಟಾಕ್‌ನಲ್ಲಿವೆ. ಜಾವಾ ಇನ್ನೂ ಹೊರಬಂದಿರಲೇ ಇಲ್ಲ. ಆ ಲೇಖಕರು ಕೇಳಿದ್ದು ಬಳಸುವವರಿಗೂ ಮಾಡುವವರಿಗೂ ನಡುವೆ ಒಂದು ಒಪ್ಪಂದ. ‘ಇಂಟರ್‌ಫೇಸ್’ ಎಂಬ ಕೀವರ್ಡನ್ನಲ್ಲ.

ಒಪ್ಪಂದ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಕನ್ನಡದಲ್ಲೇ ಉದಾಹರಣೆ ಇದೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ಚೂರುಗಳು: ಕೊಂಬು, ಒತ್ತು, ಇಂಥವು. ಅವು ಕೂತಿದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಲಿಪಿ. ಅಕಾರಾದಿ ಜೋಡಿಸೋಕೂ ಆಗಲ್ಲ. ಕಾಂಕ್ರೀಟ್ ಕ್ಲಾಸಿಗೆ ನೇರವಾಗಿ ಅಂಟಿಕೊಂಡ ಕೋಡ್ ಅಂದ್ರೆ ಇದೇ. ಯುನಿಕೋಡ್ ಬಂದ ಮೇಲೆ ಕಡತ ಬೇರೆ, ಫಾಂಟು ಬೇರೆ ಆಯಿತು. ಹಳೆಯದನ್ನು ದಾಟಿಸಲು ಪರಿವರ್ತಕಗಳನ್ನೇ ಬರೆಯಬೇಕಾಯಿತು.

ಹಾಗಾದರೆ ಇಂಟರ್‌ಫೇಸ್ ಗೆದ್ದಿತಲ್ಲ ಅಂತೀರಾ? ಸ್ವಲ್ಪ ತಾಳಿ. ಯುನಿಕೋಡಿನಲ್ಲಿ ಹಳಗನ್ನಡದ ೞ ಅಕ್ಷರಕ್ಕೆ ‘ಕನ್ನಡ ಲೆಟರ್ ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಎಂಬುದು ಅವರ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದರೇ ಹೊರತು ತಪ್ಪು ಹಾಗೇ ಉಳಿಯಿತು. ಪ್ರಕಟಿಸಿದ ಇಂಟರ್‌ಫೇಸಿನ ಬೆಲೆ ಇದು. ಜಾವಾದಲ್ಲೂ ಇದೇ ಕಥೆ: ಇಂಟರ್‌ಫೇಸಿಗೆ ಒಂದು ಮೆಥಡ್ ಸೇರಿಸಿದರೆ ಅದನ್ನು ಇಂಪ್ಲಿಮೆಂಟ್ ಮಾಡಿದ ಕ್ಲಾಸುಗಳೆಲ್ಲ ಕಂಪೈಲ್ ಆಗದೆ ನಿಲ್ಲುತ್ತಿದ್ದವು. 2014ರ ಜಾವಾ 8ರಲ್ಲಿ ‘ಡೀಫಾಲ್ಟ್’ ಮೆಥಡ್ ತಂದದ್ದು ಅದಕ್ಕೇ.

ನಮ್ಮ ಮೂಕಂಡಪಲ್ಲಿ ಕಡೆಯ ಸಣ್ಣ ವರ್ಕ್‌ಶಾಪುಗಳನ್ನ ನೋಡಿ. ದೊಡ್ಡ ಕಾರ್ಖಾನೆ ಡ್ರಾಯಿಂಗ್ ಕೊಡುತ್ತೆ, ಅಳತೆಗೆ ಸರಿಯಾಗಿ ಯಾರು ಬೇಕಾದರೂ ಬಿಡಿಭಾಗ ಮಾಡಿಕೊಡಬಹುದು. ಆದರೆ ತನ್ನದೇ ಲೇತಿಗೆ ಒಂದು ಬುಷ್ ಕಡೆದುಕೊಳ್ಳುವವನು ಡ್ರಾಯಿಂಗ್ ಬರೆಸಲ್ಲ, ಕ್ಯಾಲಿಪರ್ ಹಿಡಿದು ಕೆಲಸ ಮುಗಿಸ್ತಾನೆ.

ನಮ್ಮ ಪ್ರಾಜೆಕ್ಟುಗಳಲ್ಲಿ ಆಗುತ್ತಿರುವುದು ತಿರುಗುಮುರುಗು. ‘ಸ್ಟೂಡೆಂಟ್‌ಸರ್ವಿಸ್’ ಅಂತ ಒಂದು ಇಂಟರ್‌ಫೇಸ್, ಕೆಳಗೆ ‘ಸ್ಟೂಡೆಂಟ್‌ಸರ್ವಿಸ್‌ಇಂಪ್ಲ್’ ಅಂತ ಒಂದೇ ಒಂದು ಕ್ಲಾಸು. ಒಂದೇ ತಂಡ, ಒಂದೇ ಕಡತಕೋಶ. ಮೆಥಡ್ ಹೆಸರು ಬದಲಿಸಬೇಕಾದರೆ ಎರಡು ಕಡೆ ತಿದ್ದಬೇಕು. ಟೆಸ್ಟಿಗೆ ಬೇಕು ಅನ್ನೋ ವಾದ ಅರ್ಧ ಮಾತ್ರ ಸರಿ. ಡೇಟಾಬೇಸ್, ಪೇಮೆಂಟ್‌ನಂಥ ಹೊರಗಿನ ಸಂಗತಿಗಳಿಗೆ ಅದು ನಿಲ್ಲುತ್ತೆ, ಬಡ್ಡಿ ಲೆಕ್ಕ ಹಾಕುವ ಕ್ಲಾಸಿಗಲ್ಲ. ಎರಡನೇ ಕ್ಲಾಸು ಬಂದ ದಿನ ಇಂಟರ್‌ಫೇಸ್ ತೆಗೆಯೋದು ಎಡಿಟರಿನಲ್ಲಿ ನಿಮಿಷದ ಕೆಲಸ, ಕೋಡ್ ನಮ್ಮ ಕೈಯಲ್ಲೇ ಇರುವವರೆಗೆ.

ಅದಕ್ಕೇ ಅಧ್ಯಾಪಕರಲ್ಲಿ ಒಂದು ಕೋರಿಕೆ. ಮೌಲ್ಯಮಾಪನದಲ್ಲಿ ಇಂಟರ್‌ಫೇಸುಗಳನ್ನು ಎಣಿಸಿ ಅಂಕ ಕೊಡಬೇಡಿ. ಇದರ ಆಚೆ ಬದಿಯಲ್ಲಿ ಯಾರಿದ್ದಾರೆ, ಅವರ ಕೋಡನ್ನು ನೀವು ತಿದ್ದಬಲ್ಲಿರಾ ಅಂತ ಕೇಳಿ.