ಬಾಗಿಲಿಗೆ ಬಂದ ಹೆಂಗಸು

ಬೆಂಗಳೂರಿನ ಇಕ್ಕಟ್ಟಾದ ಮನೆಯಲ್ಲಿ ಇರುವೆಗಳ ಕಾಟ ಸಹಿಸುತ್ತಿದ್ದ ಕುಟುಂಬವೊಂದು, ಮಸಾಲೆ ಪೊಟ್ಟಣದ ವ್ಯಾಪಾರ ಕೈಹಿಡಿದಿದ್ದೇ ತಡ, ದೊಡ್ಡ ಮನೆಗೆ ಬರುತ್ತದೆ. 2013ರಲ್ಲಿ ಪ್ರಕಟವಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಥೆಯ ಹಂದರ ಇಷ್ಟೇ. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದಿಂದ ಅದು ಹೊರದೇಶಗಳ ಓದುಗರನ್ನೂ ತಲುಪಿತು. ಹಣ ಮನುಷ್ಯರನ್ನು ಕೆಡಿಸಿದ ಕಥೆ ಎಂದು ಇದನ್ನು ಓದಿ ಮುಗಿಸಿಬಿಡಬಹುದು. ಆದರೆ ಕೃತಿ ಅದಕ್ಕಿಂತ ಕಟುವಾಗಿದೆ.

ಹಣ ಬಂದ ಮೇಲೆ ಮನೆಯೊಳಗೆ ಯಾರ ಜಾಗ ಯಾವುದು ಎಂಬುದು ಹೊಸದಾಗಿ ತೀರ್ಮಾನವಾಗುತ್ತದೆ. ದುಡಿಯುವ ಚಿಕ್ಕಪ್ಪನ ಮಾತಿಗೆ ಎದುರಿಲ್ಲ. ಹಿಂದೆ ಚಹಾಪುಡಿ ಮಾರಲು ಅಂಗಡಿ ಅಂಗಡಿ ತಿರುಗಿ, ರಾತ್ರಿ ಕೂತು ಪೈಸೆ ಪೈಸೆಗೂ ಲೆಕ್ಕ ಹೊಂದಿಸುತ್ತಿದ್ದ ಅಪ್ಪ ಈಗ ಮೂಲೆ ಸೇರಿದ್ದಾನೆ. ಕೆಲಸ ಬಿಟ್ಟಾಗ ಬಂದ ಹಣವನ್ನು ಈ ವ್ಯಾಪಾರಕ್ಕೆ ಹಾಕಿದವನೂ ಅವನೇ. ಪಾಲು ಅವನ ಹೆಸರಲ್ಲಿರುವುದರಿಂದ ಮನೆಯವರು ಅವನನ್ನು ಜೋಪಾನ ಮಾಡುತ್ತಾರೆ. ಕಥೆಯ ನಿರೂಪಕನಾದ ಮಗನಿಗೋ ಆ ವ್ಯಾಪಾರದಲ್ಲಿ ನಿರ್ದೇಶಕನ ಹುದ್ದೆಯಿದೆ, ಸಂಬಳವಿದೆ, ಕೆಲಸವಿಲ್ಲ.

ಕೃತಿಯ ಜೀವ ಇರುವುದು ಬಾಗಿಲ ಬಳಿ ನಡೆಯುವ ಒಂದು ದೃಶ್ಯದಲ್ಲಿ. ಹೆಂಗಸೊಬ್ಬಳು ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗಿಷ್ಟವಾದ ಬೇಳೆಯ ಅಡುಗೆ ಮಾಡಿಕೊಂಡು ಬರುತ್ತಾಳೆ. ಅಮ್ಮ, ನಿರೂಪಕನ ಸೋದರಿ ಮಾಲತಿ ಇಬ್ಬರೂ ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ತಂದ ಅಡುಗೆ ಬೀದಿಪಾಲಾಗುತ್ತದೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ನಿನ್ನೆ ಮೊನ್ನೆಯವರೆಗೆ ತಾವೂ ಹೊಂದಿಸಿಕೊಂಡು ಬದುಕುತ್ತಿದ್ದವರು ತಮ್ಮ ಹೊಸ್ತಿಲನ್ನು ಕಾಯುವ ಈ ಬಗೆಯನ್ನು ಶಾನಭಾಗರು ದನಿ ಏರಿಸದೆ ಬರೆಯುತ್ತಾರೆ. ಓದುವವರಿಗೆ ನಾಚಿಕೆಯಾಗುತ್ತದೆ. ಇದು ತಪ್ಪು ಎಂದು ಬಾಯಿಬಿಟ್ಟು ಹೇಳುವವಳು ಸೊಸೆ ಅನಿತಾ ಒಬ್ಬಳೇ. ಗಂಡನ ಬಿಟ್ಟಿ ಸಂಬಳವನ್ನು ಪ್ರಶ್ನಿಸುವವಳೂ ಅವಳೇ.

ನಿರೂಪಕ ಹೋಗಿ ಕೂರುವ ಕಾಫಿ ಹೌಸಿನ ವಿನ್ಸೆಂಟ್ ವಿಷಯದಲ್ಲಿ ಮಾತ್ರ ಲೇಖಕರು ಹಗುರವಾದರು ಅನ್ನಿಸುತ್ತದೆ. ಬೇಕಾದಾಗೆಲ್ಲ ಅರ್ಥಗರ್ಭಿತ ಮಾತಾಡುವ ಈ ಮಾಣಿಗೆ ತನ್ನದೇ ಬದುಕು ಇಲ್ಲ. ನಿರೂಪಕನಿಗೆ ಕಾಣುವುದೇ ಅಷ್ಟು ಎಂಬ ಸಮರ್ಥನೆ ಇದೆ, ಅರ್ಧ ಒಪ್ಪಬಹುದು. ಆದರೆ ಇಲ್ಲದವರಿಗೂ ತಮ್ಮದೇ ಬದುಕಿರುವುದನ್ನು ದೇವನೂರ ಮಹಾದೇವರ ‘ಒಡಲಾಳ’ ತೋರಿಸುತ್ತದೆ: ಅಲ್ಲಿ ಸಾಕವ್ವನ ಮನೆಮಂದಿ ಕದ್ದು ತಂದ ಕಡಲೆಕಾಯಿಯ ಸುತ್ತ ಕೂತು ತಿನ್ನುವ ರಾತ್ರಿಯಲ್ಲಿ ಹಸಿವಿನ ಜೊತೆ ಆ ಮನೆಯ ನಗು, ಜಗಳ, ಸಂಭ್ರಮ ಎಲ್ಲವೂ ಇವೆ. ಈ ಕುಟುಂಬದ ವ್ಯಾಪಾರವಾದ ಸೋನಾ ಮಸಾಲೆಯ ಪೊಟ್ಟಣ ತುಂಬುವವರಿಗೆ ಶಾನಭಾಗರ ಕೃತಿಯಲ್ಲಿ ಅಂಥ ಒಂದು ರಾತ್ರಿಯೂ ಸಿಕ್ಕಿಲ್ಲ. ಅವರ ಕಥೆಯನ್ನು ಇನ್ನೊಬ್ಬರು ಬರೆಯಬೇಕಿದೆ. ಶಾನಭಾಗರು ಬರೆದಿರುವುದು ಒಡೆಯರ ಮನೆಯೊಳಗಿನ ಭಯವನ್ನು. ಅದನ್ನು ಒಂದು ಮಾತೂ ಹೆಚ್ಚಾಗದಂತೆ ಬರೆದಿದ್ದಾರೆ.