ಎಡೆದೊರೆಯ ಬೆಳಗು, ಓರೆ ಬೆಳಕು

ರಾಯಚೂರು ಸೀಮೆಯ ಹೊಲಗದ್ದೆಗಳ ಮುಂಜಾವಿನ ಚಿತ್ರಗಳಿಗೆ ಈಗ ಬರವಿಲ್ಲ. ಗೊಬ್ಬರದಂಗಡಿಯ ಕ್ಯಾಲೆಂಡರು, ಬೀಜ ಕಂಪನಿಯ ಫ್ಲೆಕ್ಸು, ಹಬ್ಬದ ದಿನದ ವಾಟ್ಸಾಪ್ ಸ್ಟೇಟಸ್ಸು, ಛಾಯಾಚಿತ್ರ ಸ್ಪರ್ಧೆಯ ಗೋಡೆ, ಎಲ್ಲೆಲ್ಲೂ ಅವೇ. ಬಹುಪಾಲು ಚಿತ್ರಗಳಲ್ಲಿ ಸೂರ್ಯ ಚೌಕಟ್ಟಿನೊಳಗೇ ಕೂತಿರುತ್ತಾನೆ. ಅವನ ಮುಂದೆ ಒಂದು ಜೋಡಿ ಎತ್ತು, ಇಲ್ಲವೇ ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಗಳು. ಎತ್ತೂ ಕಪ್ಪು, ಮುಖವೂ ಕಪ್ಪು, ನೆಲವೂ ಕಪ್ಪು. ಆಕಾಶ ಮಾತ್ರ ಕೇಸರಿ. ನೋಡಲು ಚೆಂದ, ಒಪ್ಪೋಣ. ಆದರೆ ಅದು ಮಾನ್ವಿಯೋ ಮಂಡ್ಯವೋ ಹೇಳಲಾಗದು. ನನ್ನ ತಕರಾರು ಇರುವುದು ಇಲ್ಲೇ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನಲ್ಲಿ ಒಂದು ಹೊಲಕ್ಕೂ ಮತ್ತೊಂದು ಹೊಲಕ್ಕೂ ಇರುವ ಅಂತರದಲ್ಲೇ ಜನರ ಬದುಕು ತೀರ್ಮಾನವಾಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಈ ಕಡೆ ಬಂದ ಮೇಲೆ ಮಾನ್ವಿ ಸೀಮೆಯ ಎರೆಹೊಲಗಳು ಗದ್ದೆಗಳಾದವು. ಜೋಳದ ಜಾಗಕ್ಕೆ ನೆಲ್ಲು ಬಂತು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಎದ್ದವು. ದೇವದುರ್ಗ ಕೃಷ್ಣೆಯ ಮಗ್ಗುಲಿನದು: ಗುಂಡುಕಲ್ಲಿನ ಗುಡ್ಡಗಳು, ಅವುಗಳ ಬುಡದಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ ಕಡೆ ಒಂದು ಬಣ್ಣ, ಮುಟ್ಟದ ಕಡೆ ಮುಗಿಲು ನೋಡುವ ಹೊಲ. ಇಷ್ಟನ್ನೂ ಒಂದೇ ಕಪ್ಪು ಪಟ್ಟಿಯಾಗಿಸುವ ಚಿತ್ರ ಎಷ್ಟು ಬಹುಮಾನ ಗೆದ್ದರೂ ಈ ನೆಲವನ್ನು ಕಂಡಿಲ್ಲ.

ಹಾಗೆಂದು ಬೆಳಗಿನ ಬೆಳಕನ್ನು ದೂರಬೇಕಿಲ್ಲ. ಈ ನೆಲವನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಬೆಳಕಿಲ್ಲ, ಅದನ್ನು ನಾವು ಹಾಳು ಮಾಡುತ್ತಿದ್ದೇವೆ. ಇಲ್ಲಿನ ಬಯಲಿನ ಏರಿಳಿತ ಬಲು ನಯವಾದದ್ದು, ಸೂರ್ಯ ನೆತ್ತಿಗೆ ಬಂದರೆ ಕಣ್ಣಿಗೇ ಸಿಗುವುದಿಲ್ಲ. ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದಾಗ ಮಾತ್ರ ಕುಂಟೆ ಎಳೆದ ಗೆರೆ, ಬದುವಿನ ಎತ್ತರ, ಮಳೆನೀರು ಕೊರೆದ ಕೊರಕಲು ಎದ್ದು ನಿಲ್ಲುತ್ತವೆ. ಸವೆದ ಶಾಸನ ಓದುವವರಿಗೆ ಈ ಗುಟ್ಟು ಗೊತ್ತು. ಬಂಡೆಯ ಮೇಲೆ ಮಾಸಿದ ಅಕ್ಷರವನ್ನು ಅವರು ಓರೆ ಬೆಳಕಿನಲ್ಲೇ ಹುಡುಕುತ್ತಾರೆ. 1915ರಲ್ಲಿ ಅಶೋಕನ ಹೆಸರು ಹೊತ್ತ ಶಾಸನ ಸಿಕ್ಕ ಮಸ್ಕಿ ಇದೇ ಜಿಲ್ಲೆಯದು. ನೆಲವನ್ನೂ ಅದೇ ಶ್ರದ್ಧೆಯಿಂದ ಓದಬಹುದು.

ಆ ಬೆಳಕಿಗೆ ಆಯುಷ್ಯ ಕಡಿಮೆ. ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಗಂಟೆಗೆ ಹೆಚ್ಚುಕಡಿಮೆ 14 ಡಿಗ್ರಿಯಂತೆ ನೆಟ್ಟಗೆ ಏರಿಬಿಡುತ್ತಾನೆ. ಉತ್ತರ ಯುರೋಪಿನ ಛಾಯಾಗ್ರಾಹಕರಿಗೆ ‘ಗೋಲ್ಡನ್ ಅವರ್’ ನಿಜಕ್ಕೂ ಗಂಟೆಯ ಹತ್ತಿರ ಬರುತ್ತದೆ, ಚಳಿಗಾಲದಲ್ಲಿ ಇನ್ನೂ ಉದ್ದ. ನಮ್ಮ ಪಾಲಿಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಜನವರಿಯಲ್ಲಿ ಆರೂಮುಕ್ಕಾಲರ ಸುಮಾರಿಗೆ ಸೂರ್ಯ ಹುಟ್ಟಿದರೆ ಏಳೂಕಾಲಿಗೆಲ್ಲ ಬೆಳಕು ಗಡುಸಾಗಿರುತ್ತದೆ. ಇಷ್ಟು ಸಣ್ಣ ಹೊತ್ತನ್ನು ಸೂರ್ಯನ ಬಿಂಬ ಹಿಡಿಯಲೇ ಕಳೆದರೆ ನೆಲಕ್ಕೆ ಉಳಿಯುವುದೇನು?

ಮಾನ್ವಿಯ ಕಡೆ ಎರಡನೇ ಬೆಳೆಯ ನೆಲ್ಲು ಹಚ್ಚುವ ದಿನಗಳಲ್ಲಿ ಒಂದು ಗದ್ದೆಯ ಬದುವಿನ ಮೇಲೆ ನಿಂತು ನೋಡಿ. ಸೂರ್ಯನಿಗೆ ಎದುರಾದರೆ ಕೆಸರುನೀರು ಕನ್ನಡಿ, ಅಷ್ಟೆ. ಅವನನ್ನು ಭುಜದ ಪಕ್ಕಕ್ಕೆ ಬಿಟ್ಟುಕೊಂಡರೆ ಅದೇ ಗದ್ದೆ ಬಿಚ್ಚಿಕೊಳ್ಳುತ್ತದೆ: ಹಿಂದಿನ ದಿನ ಹಚ್ಚಿದ ಸಸಿ ಇನ್ನೂ ತಲೆ ಎತ್ತಿಲ್ಲ, ಸಾಲುಗಳ ನಡುವೆ ಹೆಂಗಸರ ಹೆಜ್ಜೆಗುಳಿಗಳಲ್ಲಿ ನೀರು ತುಂಬಿದೆ, ಮೇಲಿನ ಮಡಿಗಿಂತ ಕೆಳಗಿನ ಮಡಿಯಲ್ಲಿ ನೀರು ಜಾಸ್ತಿ. ಆಚೆ ತಗ್ಗಿನ ಮೂಲೆಯಲ್ಲಿ ಸಸಿಯೇ ಹತ್ತದ ತೇಪೆ. ಅದರ ಅಂಚಿಗೆ ಬಿಳಿ ಪದರ. ಅದು ಇಬ್ಬನಿಯಲ್ಲ, ಸವುಳು. ದಶಕಗಳ ನೀರಾವರಿ, ಬಸಿಗಾಲುವೆಗಳ ಕೊರತೆ, ವರ್ಷಕ್ಕೆರಡು ಸಲ ನೆಲ್ಲು ಎಲ್ಲ ಸೇರಿ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಬ್ಬಿಸಿದ ಉಪ್ಪು. ಓರೆ ಬೆಳಕಿನಲ್ಲಿ ಅದರ ಹರಳು ಸಹಿತ ಕಾಣುತ್ತದೆ, ಎದುರು ಬೆಳಕಿನಲ್ಲಿ ಅದೂ ಹೊಳಪಿನೊಳಗೆ ಹೊಳಪಾಗಿ ಮರೆಯಾಗುತ್ತದೆ.

ದೇವದುರ್ಗದ ಹತ್ತಿಹೊಲದ ಚಿತ್ರಗಳಲ್ಲಿ ಬೇರೊಂದು ತೊಡಕು. ಹೊಂಬಿಸಿಲಿನಲ್ಲಿ ಹೆಂಗಸರು ಹತ್ತಿ ಬಿಡಿಸುವ ದೃಶ್ಯ ಸ್ಪರ್ಧೆಗಳಿಗೆ ಪ್ರಿಯ. ಆದರೆ ಹಸಿ ಹತ್ತಿಗೆ ಪೇಟೆಯಲ್ಲಿ ದರವಿಲ್ಲ. ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿ ತೇವಾಂಶ ಶೇ 8 ಮೀರಿದರೆ ದರ ಕಡಿತ, ಶೇ 12 ದಾಟಿದರೆ ಮಾಲು ವಾಪಸು. ಇಬ್ಬನಿ ಆರುವವರೆಗೆ ಕಾಯುವುದೇ ಜಾಣತನ. ಅಂದರೆ ಕ್ಯಾಮೆರಾಕ್ಕೆ ಬೇಕಾದ ಬೆಳಕು ಹೋದ ಮೇಲೆ ಕೈಗೆ ಬೇಕಾದ ಬೆಳಕು ಬರುತ್ತದೆ. ಸೂರ್ಯ ಹುಟ್ಟುವ ಹೊತ್ತಿನ ಆ ಸುಂದರ ಬಿಡಿಸುವಿಕೆ ಕೋರಿಕೆಯ ಮೇರೆಗೆ ನಡೆದದ್ದೇ ಎಂಬ ಅನುಮಾನ ಬರುವುದು ಇದಕ್ಕಾಗಿ. ಆ ಹೊತ್ತಿನ ನಿಜವಾದ ಚಿತ್ರ ಬೇರೆ: ಟಂಟಂನಿಂದ ಇಳಿದು, ಬುತ್ತಿಗಂಟನ್ನು ಬದುವಿಗಿಟ್ಟು, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಉಡಿ ಕಟ್ಟಿಕೊಳ್ಳುತ್ತ ಹೊಲ ಆರಲೆಂದು ಕೂತ ಹೆಂಗಸರು. ಆ ಚಿತ್ರವನ್ನು ತೆಗೆಯುವವರು ಕಡಿಮೆ.

ಕುರಿಗಾಹಿಗೆ ಹಣ ಕೊಟ್ಟು ಹಿಂಡನ್ನು ಮರದಡಿ ಹಿಂದೆಮುಂದೆ ಓಡಿಸಿ, ಧೂಳಿನಲ್ಲಿ ಕಿರಣ ಮೂಡಿಸುವ ರೂಢಿಯೂ ಇದೇ ಜಾತಿಯದು. ಅದನ್ನು ಕಲೆಯೆಂದು ಸಮರ್ಥಿಸುವವರಿದ್ದಾರೆ. ಹೊಲದ ಕೆಲಸವನ್ನು ತೋರಿಸುತ್ತೇನೆ ಎನ್ನುವ ಚಿತ್ರಕ್ಕೆ ಆ ಸಮರ್ಥನೆ ನಿಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮಲ್ಲೇ ಬೇರೆ ಪರಂಪರೆಯಿದೆ. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯರ ದಿನವನ್ನು ಅದರ ಪಾಡಿಗೆ ಬಿಟ್ಟು ಕಾದವರು. ಅವರ ಚಿತ್ರದ ಮನುಷ್ಯರಿಗೆ ಮುಖವಿದೆ. ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆ ಕಪ್ಪುಬಿಳುಪಿನಲ್ಲಿ ಕಾಡು ಮತ್ತು ಪ್ರಾಣಿಗಳನ್ನು ಹಿಡಿದವರು, ಬಣ್ಣದ ನೆರವಿಲ್ಲದೆ ಬೆಳಕನ್ನು ಅರ್ಥಮಾಡಿಕೊಂಡವರು. ಕೇಸರಿ ಆಕಾಶ ತೆಗೆದುಹಾಕಿದರೆ ಉಳಿಯುವುದೇನು ಎಂಬ ಪ್ರಶ್ನೆಯನ್ನು ಇಂದಿನ ಪ್ರತಿ ಮುಂಜಾವಿನ ಚಿತ್ರಕ್ಕೂ ಕೇಳಬೇಕು.

ಮಂಜಿನ ಮಾತೂ ಇದೆ. ‘ಮಂಜು ಮುಸುಕಿದ ಮುಂಜಾವು’ ಎಂಬ ಅಡಿಬರಹ ಕಂಡಾಗಲೆಲ್ಲ ಅದು ಎಲ್ಲಿಯ ಮಂಜು ಎಂದು ಕೇಳಬೇಕೆನಿಸುತ್ತದೆ. ಯಂತ್ರದ ಕೊಯ್ಲಿನ ನಂತರ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಇಡುವುದುಂಟು. ಆ ಹೊಗೆ ಚಳಿಯಲ್ಲಿ ಮೇಲೇರದೆ ಬೆಳಗಿನವರೆಗೂ ನೆಲಕ್ಕಂಟಿ ಮಲಗಿರುತ್ತದೆ. ಇನ್ನು ರಾಯಚೂರು ನಗರದ ಉತ್ತರಕ್ಕೆ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಅದು. ಚಿಮಣಿಗಳು ಕಾಣದಂತೆ ಚೌಕಟ್ಟು ಕತ್ತರಿಸಿ ಮಬ್ಬನ್ನು ಮಾತ್ರ ಉಳಿಸಿಕೊಂಡ ಚಿತ್ರ ನನಗೆ ಅಪ್ರಾಮಾಣಿಕ ಅನಿಸುತ್ತದೆ. ಜೋಳದ ಹೊಲದ ಹಿಂದೆ ಚಿಮಣಿ ಕಂಡರೆ ಚಿತ್ರ ಕೆಡುವುದಿಲ್ಲ, ಅದಕ್ಕೆ ವಿಳಾಸ ಸಿಗುತ್ತದೆ.

ಕೆಲಸವನ್ನು ಇದ್ದಂತೆ ತೋರಿಸುವುದಕ್ಕೆ ರಾಯಚೂರಿನ ಕೋಟೆಯಲ್ಲೇ ಒಂದು ಹಳೆಯ ಮಾದರಿಯಿದೆ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಈ ಕೋಟೆ ಕಟ್ಟಿಸಿದ ಸಂಗತಿ ಕೆತ್ತಿರುವ ಕಲ್ಲು ನಲವತ್ತು ಅಡಿಗೂ ಉದ್ದ. ಅಂಥ ಕಲ್ಲನ್ನು ಗಾಡಿಗೆ ಹೇರಿ ಸಾಲುಸಾಲು ಕೋಣಗಳಿಂದ ಎಳೆಸಿ ತಂದ ಬಗೆಯನ್ನೂ ಗೋಡೆಯ ಮೇಲೆ ಗೆರೆಗಳಲ್ಲಿ ಬಿಡಿಸಿದ್ದಾರೆ. ಕೋಟೆಯ ವೈಭವ ಕೆತ್ತುವ ಅವಕಾಶ ಆ ಕೈಗಿತ್ತು. ಅದು ಭಾರವನ್ನೂ ಎಳೆತವನ್ನೂ ಆರಿಸಿಕೊಂಡಿತು.

ಜಿಲ್ಲೆಯ ತರುಣ ಛಾಯಾಗ್ರಾಹಕರು ಮಾಡಬಹುದಾದ ಕೆಲಸವೊಂದು ಕಣ್ಣಮುಂದೆಯೇ ಬಿದ್ದಿದೆ. ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಬಾಯಲ್ಲಿ ಮೈಲು 69, ಮೈಲು 104ರ ಗೇಜಿನ ಮಾತು ಸದಾ ಇರುತ್ತದೆ. ಅಲ್ಲಿ ನೀರು ಎಷ್ಟು ಅಡಿ ನಿಂತಿತು ಎಂಬುದರ ಮೇಲೆ ಮಾನ್ವಿ, ರಾಯಚೂರಿನ ಗದ್ದೆಗಳ ಹಣೆಬರಹ ನಿಂತಿದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾದಾಗ ಈ ಊರುಗಳು ನಿದ್ದೆಗೆಟ್ಟದ್ದು ಇದಕ್ಕೇ. ಕೊನೆಭಾಗದ ಒಂದೇ ಗದ್ದೆಯನ್ನು, ಒಂದೇ ಬದುವಿನಿಂದ, ಅದೇ ಓರೆ ಬೆಳಕಿನಲ್ಲಿ, ನೀರು ಬಿಟ್ಟ ವಾರ, ನೀರು ನಿಂತ ವಾರ, ಕೊಯ್ಲಾದ ವಾರ, ಎರಡನೇ ಬೆಳೆಗೆ ನೀರಿಲ್ಲವೆಂದು ಬೀಳುಬಿಟ್ಟ ವಾರ ತೆಗೆಯಬೇಕು. ದೇವದುರ್ಗದಲ್ಲಾದರೆ ಬೇಸಿಗೆಯಲ್ಲಿ ಗುಳೆ ಹೋದವರ ಬೀಗ ಹಾಕಿದ ಬಾಗಿಲುಗಳ ಮೇಲೂ ಅದೇ ಬೆಳಕು ಬೀಳುತ್ತದೆ. ಚಿತ್ರದ ಕೆಳಗೆ ಊರು, ತಿಂಗಳು, ಬೆಳೆ, ಕಾಲುವೆಯ ನಂಬರು ಬರೆದು, ಪ್ರದರ್ಶನವನ್ನು ಬೆಂಗಳೂರಿಗೆ ಒಯ್ಯುವ ಮುಂಚೆ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಹಚ್ಚಲಿ. ತಪ್ಪಿದ್ದರೆ ತಿದ್ದುವವರು ಅಲ್ಲಿದ್ದಾರೆ.