ಮುಪ್ಪಿನ ಜಾಗದಲ್ಲಿ ಪಾಪ: ತೆರೆಯ ಮೇಲೆ ‘ಬಿಯೋವುಲ್ಫ್’

ಹಳೆಯ ಇಂಗ್ಲಿಷಿನ ವೀರಕಾವ್ಯ ‘ಬಿಯೋವುಲ್ಫ್’ ಉಳಿದು ಬಂದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ, ಕ್ರಿ.ಶ. 1000ದ ಆಸುಪಾಸಿನಲ್ಲಿ ನಕಲಾಗಿ, 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡ ಆ ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಂದಿನ ದಕ್ಷಿಣ ಸ್ವೀಡನ್ನಿನಲ್ಲಿ ನೆಲೆಸಿದ್ದ ಗೀಟ್ ಜನಾಂಗದ ತರುಣ ವೀರನೊಬ್ಬ ಡೇನರ ದೊರೆ ಹ್ರಾತ್‌ಗಾರನ ಸಭಾಭವನವನ್ನು ಕಾಡುತ್ತಿದ್ದ ಗ್ರೆಂಡೆಲ್ ಎಂಬ ದೈತ್ಯನನ್ನೂ ಅವನ ತಾಯಿಯನ್ನೂ ಕೊಂದು, ತನ್ನ ನಾಡಿಗೆ ಮರಳಿ 50 ವರ್ಷ ಆಳಿ, ಮುಪ್ಪಿನಲ್ಲಿ ಬೆಂಕಿಯುಗುಳುವ ಘಟಸರ್ಪದೊಡನೆ ಕಾದಾಡಿ ಮಡಿಯುವುದೇ ಇದರ 3182 ಸಾಲುಗಳ ವಸ್ತು. ನೀಲ್ ಗೈಮನ್ ಮತ್ತು ರೋಜರ್ ಏವರಿ ಚಿತ್ರಕಥೆ ಬರೆದು ರಾಬರ್ಟ್ ಝೆಮೆಕಿಸ್ ನಿರ್ದೇಶಿಸಿದ 2007ರ ಚಲನಚಿತ್ರವು ಈ ಕಥೆಯನ್ನು ಧೈರ್ಯವಾಗಿ ಬದಲಿಸಿದೆ.

ಬದಲಿಸಿದ್ದೇ ತಪ್ಪೆಂದು ವಾದಿಸುವುದು ಸಲ್ಲದು. ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ಒಗ್ಗದ ಭಾಗವಿದ್ದರೆ ಅದನ್ನು ಕೈಬಿಟ್ಟು ಬೇರೆಯದನ್ನು ಕಲ್ಪಿಸಿಕೊಳ್ಳುವ ಅಧಿಕಾರ ಕವಿಗಿದೆಯೆಂದು ಆನಂದವರ್ಧನನೇ ‘ಧ್ವನ್ಯಾಲೋಕ’ದಲ್ಲಿ ಒಪ್ಪಿದ್ದಾನೆ, ಆದುದರಿಂದ ಬದಲಾವಣೆಯು ಕಾವ್ಯದ ರಸವನ್ನು ಪೋಷಿಸಿತೇ ಕುಂದಿಸಿತೇ ಎಂಬುದಷ್ಟೇ ಇಲ್ಲಿ ವಿಚಾರಾರ್ಹ.

ಪೋಷಿಸಿದ ಕಡೆಯೂ ಉಂಟು. ಸಭಾಭವನದ ವೀಣಾನಾದ ಮತ್ತು ಸಂಭ್ರಮದ ಗದ್ದಲ ಗ್ರೆಂಡೆಲನನ್ನು ಬಾಧಿಸುತ್ತಿತ್ತೆಂದು ಕಾವ್ಯ ಹೇಳುವುದನ್ನು ಚಿತ್ರವು ದೇಹದ ಯಾತನೆಯನ್ನಾಗಿ ಮಾಡಿ, ಶಬ್ದ ತಾಳಲಾರದ ಕಿವಿಯೊಂದನ್ನು ಅವನಿಗೆ ಕೊಟ್ಟಿದೆ. ಕ್ರಿಸ್ಪಿನ್ ಗ್ಲೋವರ್ ಅಭಿನಯಿಸಿದ ಈ ದೈತ್ಯ ಹಳೆಯ ಇಂಗ್ಲಿಷಿನಲ್ಲಿ ನರಳುವಾಗ ನೋಡುಗರಲ್ಲಿ ಭಯದ ಜೊತೆಗೆ ಕರುಣೆಯೂ ಹುಟ್ಟುತ್ತದೆ.

ಆದರೆ ಎರಡನೆಯ ಹೋರಾಟದಲ್ಲಿ ಚಿತ್ರ ಹಿಡಿಯುವ ದಾರಿ ಬೇರೆ. ಕಾವ್ಯದಲ್ಲಿ ನೀರಡಿಯ ಗುಹೆಗಿಳಿದ ಬಿಯೋವುಲ್ಫನ ಖಡ್ಗ ಗ್ರೆಂಡೆಲನ ತಾಯಿಯ ಮೈಗೆ ನಾಟದೆ ಸೋಲುತ್ತದೆ. ಅಲ್ಲೇ ಸಿಕ್ಕ ದೈತ್ಯರ ಕಾಲದ ಕತ್ತಿಯಿಂದ ಅವನು ಅವಳನ್ನು ಕೊಂದು, ಸತ್ತು ಬಿದ್ದಿದ್ದ ಗ್ರೆಂಡೆಲನ ತಲೆ ಕಡಿದಾಗ, ವಿಷರಕ್ತದ ಬಿಸಿಗೆ ಅಲಗು ಮಂಜುಗಡ್ಡೆಯಂತೆ ಕರಗಿ ಹಿಡಿಯಷ್ಟೇ ಉಳಿಯುತ್ತದೆ. ಆ ಹಿಡಿಯನ್ನು ನೋಡುತ್ತಲೇ ಮುದಿ ದೊರೆ ಹ್ರಾತ್‌ಗಾರ್ ಗೆದ್ದು ಬಂದ ತರುಣನಿಗೆ ಗರ್ವ ಬೇಡವೆಂದೂ, ರೋಗವೋ ಕತ್ತಿಯೋ ಮುಪ್ಪೋ ಒಂದಲ್ಲ ಒಂದು ದಿನ ಈ ಬಲವನ್ನು ಕಸಿಯುವುದೆಂದೂ ಎಚ್ಚರಿಸುತ್ತಾನೆ. ಚಿತ್ರದಲ್ಲಿಯೂ ಕತ್ತಿ ಕರಗುತ್ತದೆ. ಆದರೆ ಅದು ಕರಗುವುದು ಆಂಜಲೀನಾ ಜೋಲಿ ಅಭಿನಯಿಸಿದ ಮೋಹಿನಿರೂಪದ ತಾಯಿಯ ಕೈ ಸೋಕಿ. ವೀರನು ಅವಳನ್ನು ಕೊಲ್ಲದೆ ಕೂಡುತ್ತಾನೆ, ಕೊಂದೆನೆಂದು ಸುಳ್ಳಾಡಿ ಡೇನರ ಸಿಂಹಾಸನವನ್ನೇ ಏರುತ್ತಾನೆ, ಕೊನೆಗೆ ಆ ಕೂಟದಲ್ಲಿ ಹುಟ್ಟಿದ ಮಗನೇ ಘಟಸರ್ಪವಾಗಿ ಎದುರಾಗುತ್ತಾನೆ. ಗ್ರೆಂಡೆಲನೂ ಹ್ರಾತ್‌ಗಾರನಿಗೆ ಇದೇ ಬಗೆಯಲ್ಲಿ ಹುಟ್ಟಿದವನು.

ಇದರಿಂದ 50 ವರ್ಷಗಳ ಅಂತರದಲ್ಲಿ ಬಿಡಿಯಾಗಿ ಕಾಣುವ ಎರಡು ಭಾಗಗಳಿಗೆ ಕಾರ್ಯಕಾರಣದ ಬೆಸುಗೆ ದೊರೆತದ್ದು ನಿಜ, ಮತ್ತು ಇಡೀ ಚಿತ್ರಕಥೆಯ ಜಾಣ್ಮೆ ಇರುವುದು ಅದರಲ್ಲೇ. ಆದರೆ ಈ ಕಾವ್ಯದ ಸ್ವರೂಪವೇ ಒಂದು ಸಮತೋಲ, ಏಳುವ ತಾರುಣ್ಯಕ್ಕೆ ಎದುರಾಗಿ ಬೀಳುವ ಮುಪ್ಪನ್ನಿಟ್ಟು ರಚಿಸಿದ್ದು ಎಂದು ಜೆ. ಆರ್. ಆರ್. ಟೋಲ್ಕಿನ್ 1936ರ ಉಪನ್ಯಾಸದಲ್ಲಿ ಪ್ರತಿಪಾದಿಸಿದ್ದನ್ನು ನೆನೆದರೆ, ಆ ಬೆಸುಗೆಗೆ ತೆತ್ತ ಬೆಲೆ ದೊಡ್ಡದೆಂದು ತಿಳಿಯುತ್ತದೆ. ಕಾವ್ಯದ ಬಿಯೋವುಲ್ಫ್ ಮರೆಮಾಚಿದ ಪಾಪದ ಫಲವಾಗಿ ಸಾಯುವುದಿಲ್ಲ. ಚೆನ್ನಾಗಿ ಬಾಳಿ, ಚೆನ್ನಾಗಿ ಆಳಿದ ಮೇಲೂ ಸಾಯುತ್ತಾನೆ, ಮತ್ತು ಅವನ ಚಿತೆಯ ಬಳಿ ಗೋಳಿಡುವ ಹೆಣ್ಣು ಕಾವಲಿಲ್ಲದ ನಾಡಿಗೆ ಬರಲಿರುವ ದಾಳಿ, ಸೆರೆ, ಅಪಮಾನಗಳಿಗಾಗಿ ಅಳುತ್ತಾಳೆ. ವೀರವು ಕರುಣದಲ್ಲಿ ಮುಗಿಯುವ ಈ ಘನತೆ ಚಿತ್ರದಲ್ಲಿ ವ್ಯಕ್ತಿಯೊಬ್ಬನ ತಪ್ಪಿಗೆ ಸಂದ ಶಿಕ್ಷೆಯಾಗಿ ಕುಗ್ಗಿದೆ.

ತಂತ್ರವೂ ಈ ಕೊರತೆಯನ್ನು ಹೆಚ್ಚಿಸಿದೆ. ನಟರ ಮೈ ಮತ್ತು ಮುಖದ ಚಲನೆಯನ್ನು ದಾಖಲಿಸಿಕೊಂಡು ಅದನ್ನು ಕಂಪ್ಯೂಟರಿನಲ್ಲಿ ರಚಿಸಿದ ಆಕೃತಿಗಳಿಗೆ ತೊಡಿಸುವ ವಿಧಾನದಲ್ಲಿ ಚಿತ್ರ ತಯಾರಾದುದರಿಂದ, ಬಿಯೋವುಲ್ಫನ ಪಾತ್ರ ವಹಿಸಿದ ಸ್ಥೂಲಕಾಯದ ನಟ ರೇ ವಿನ್‌ಸ್ಟನ್‌ಗೆ ಕಟ್ಟುಮಸ್ತಾದ ತರುಣನ ದೇಹ ಸಿಕ್ಕಿತು. ಆದರೆ ಕಣ್ಣುಗಳಲ್ಲಿ ಜೀವಕಳೆ ತುಂಬಲಿಲ್ಲ, ಮುಪ್ಪು ಕೂದಲಿನ ಬಣ್ಣವಾಗಿ ಕಂಡಿತೇ ಹೊರತು ದೇಹದ ದಣಿವಾಗಿ ಕಾಣಲಿಲ್ಲ.

ಹೀಗೆ ಈ ಚಿತ್ರ ಮೂಲದ ಬಿರುಕುಗಳನ್ನು ಗಮನವಿಟ್ಟು ಓದಿದ, ಆದರೆ ಅವುಗಳನ್ನು ಮುಚ್ಚಲೇಬೇಕೆಂದು ನಂಬಿದ ರೂಪಾಂತರವಾಗಿದೆ. ಪ್ರಾಚೀನ ವೀರಕಾವ್ಯವನ್ನು ತೆರೆಗೆ ತರುವವರು ಘಟನೆಗಳನ್ನು ಬೇಕಾದಂತೆ ಬದಲಿಸಬಹುದು. ನಿರ್ದೋಷಿಯಾದ ವೀರನೂ ಅಳಿಯುತ್ತಾನೆಂಬ ಕಾವ್ಯದ ಕಠಿಣ ಸತ್ಯಕ್ಕೆ ಮಾತ್ರ ಕಾರಣ ಹುಡುಕಿ ಅದನ್ನು ಸುಲಭಗೊಳಿಸಬಾರದು.